ಚೌಕದೊಳಗಿನ ಕಾಗುಣಿತ

ಕೊರಿಯದ ದೊರೆ ಸೆಜೋಂಗನು 1443ರಲ್ಲಿ ರೂಪಿಸಿ 1446ರಲ್ಲಿ ಪ್ರಜೆಗಳಿಗೆ ಒಪ್ಪಿಸಿದ ಹಂಗುಲ್ ಲಿಪಿಯಲ್ಲಿ ಇಂದು ಮೂಲಾಕ್ಷರಗಳು 24 ಮಾತ್ರ. ಆದರೆ ಅವು ಬಿಡಿಬಿಡಿಯಾಗಿ ಸಾಲುಗಟ್ಟುವುದಿಲ್ಲ. ಆದಿವ್ಯಂಜನ, ಸ್ವರ, ಬೇಕಾದಲ್ಲಿ ಅಂತ್ಯವ್ಯಂಜನ ಒಂದೇ ಚೌಕದೊಳಗೆ ಕೂಡಿಕೊಂಡು ಒಂದು ಉಚ್ಚಾರಾಂಶವಾಗುತ್ತವೆ. ಕಾಗುಣಿತ, ಒತ್ತಕ್ಷರಗಳನ್ನು ತಿದ್ದಿ ಬೆಳೆದ ನಮಗೆ ಇದು ತೀರ ಅಪರಿಚಿತವೇನಲ್ಲ.

ಗಣಕಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಆ ಸಂಖ್ಯೆ ಸಲ್ಲಬೇಕಾದುದು ಬಿಡಿ ಅಕ್ಷರಕ್ಕೋ, ಇಡೀ ಚೌಕಕ್ಕೋ? ದಕ್ಷಿಣ ಕೊರಿಯದ 1987ರ ರಾಷ್ಟ್ರೀಯ ಮಾನಕವು ಚೌಕದ ಪಕ್ಷ ಹಿಡಿಯಿತು. ಹಿಡಿದು, ಬಳಕೆ ಹೆಚ್ಚೆಂದು ತೋರಿದ 2,350ನ್ನು ಮಾತ್ರ ಆರಿಸಿತು. ‘ತ್ತೋಮ್’ ಎಂಬ ಉಚ್ಚಾರಾಂಶಕ್ಕೆ ಆ ಪಟ್ಟಿಯಲ್ಲಿ ಎಡೆಯಿರಲಿಲ್ಲ. ನಾಲಿಗೆ ನುಡಿವುದನ್ನು, ಕೈ ಬರೆವುದನ್ನು ಯಂತ್ರ ಒಲ್ಲೆನ್ನುವುದೆಂದರೇನು! ತನ್ನ ಹೆಸರಿನ ಚೌಕವೇ ಪಟ್ಟಿಯಲ್ಲಿಲ್ಲದವನ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

1996ರಲ್ಲಿ ಯೂನಿಕೋಡಿನ ಎರಡನೆಯ ಆವೃತ್ತಿ ಈ ಕೊರತೆಯನ್ನು ನೀಗಿತು. ಜೋಡಿ ಅಕ್ಷರಗಳೂ ಸೇರಿ ಆದಿಯಲ್ಲಿ ಬರಬಹುದಾದುವು 19, ನಡುವೆ 21, ಕೊನೆಯಲ್ಲಿ—ಏನೂ ಇಲ್ಲದಿರುವುದನ್ನೂ ಎಣಿಸಿ—28. ಗುಣಿಸಿದರೆ 11,172. ಅಷ್ಟಕ್ಕೂ 44,032ರಿಂದ ಮೊದಲುಗೊಂಡು ಕ್ರಮವಾಗಿ ಸಂಖ್ಯೆ ದೊರೆಯಿತು. ಲಿಪಿಯ ಹೆಸರಿನ ಮೊದಲ ಚೌಕ ‘ಹನ್’ ಅನ್ನೇ ನೋಡಿ: ಸೊನ್ನೆಯಿಂದ ಎಣಿಸಿದರೆ ಹಕಾರದ ಸ್ಥಾನ 18, ಸ್ವರದ್ದು 0, ಕೊನೆಯ ನಕಾರದ್ದು 4. ಹದಿನೆಂಟನ್ನು 21ರಿಂದ ಗುಣಿಸಿ ಸ್ವರವನ್ನು ಕೂಡಿಸಿ, ಬಂದುದನ್ನು 28ರಿಂದ ಗುಣಿಸಿ 4 ಕೂಡಿಸಿದರೆ 10,588. ಅದಕ್ಕೆ 44,032 ಸೇರಿ 54,620. ಇದೇ ಲೆಕ್ಕವನ್ನು ಹಿಮ್ಮುಖವಾಗಿ ನಡೆಸಿದರೆ ಚೌಕ ಬಿಚ್ಚಿಕೊಳ್ಳುತ್ತದೆ.

ಸೆಜೋಂಗನು ಕೊಟ್ಟ 28 ಅಕ್ಷರಗಳಲ್ಲಿ ಬಳಕೆ ತಪ್ಪಿದ ನಾಲ್ಕು ಮಾತ್ರ ಈ ಲೆಕ್ಕದೊಳಗೆ ಬರಲಿಲ್ಲ. ಅವುಳ್ಳ ಹಳೆಯ ಗ್ರಂಥಪಾಠಗಳನ್ನು ಯಂತ್ರಕ್ಕೇರಿಸುವವರು ಇಂದಿಗೂ ಬಿಡಿ ಅಕ್ಷರಗಳ ಸಂಖ್ಯೆಗಳನ್ನೇ ಒಂದೊಂದಾಗಿ ಪೋಣಿಸಬೇಕು.