ಮೂತ್ರಕೋಶ ತೆಗೆದ ಮೇಲೆ ಮೂತ್ರ ಎಲ್ಲಿಗೆ?

ಮೂತ್ರಕೋಶವನ್ನೇ ತೆಗೆದುಹಾಕಿದ್ರೆ,
ಮೂತ್ರ ಎಲ್ಲಿಗೆ ಹೋಗುತ್ತೆ?

ಮೂತ್ರಕೋಶದ ಕ್ಯಾನ್ಸರ್
ಸಾಮಾನ್ಯವಾಗಿ ಶುರುವಾಗೋದು ಒಳಪದರದಲ್ಲಿ.
ಅಲ್ಲೇ ಇದ್ರೆ, ಗಡ್ಡೆಯನ್ನಷ್ಟೇ ಕೆರೆದು ತೆಗೀತಾರೆ.
ಆದ್ರೆ ಸ್ನಾಯುವಿಗೆ ಬೇರು ಬಿಟ್ರೆ?
ಆಗ ಅನೇಕರಿಗೆ
ಇಡೀ ಮೂತ್ರಕೋಶ ತೆಗೀಬೇಕಾಗುತ್ತೆ.
ಗಂಡಸರಲ್ಲಿ ಜೊತೆಗೆ ಪ್ರಾಸ್ಟೇಟ್.
ಹೆಂಗಸರಲ್ಲಿ ಹಲವು ಸಲ ಗರ್ಭಕೋಶವೂ.

ಹೀಗೆ ಯೋಚಿಸಿ.
ಎರಡು ಕಾಲುವೆ, ಒಂದು ಕೆರೆ.
ಕಾಲುವೆ ಅಂದ್ರೆ ಕಿಡ್ನಿಯಿಂದ ಬರೋ ನಾಳಗಳು.
ಕೆರೆ ಅಂದ್ರೆ ಮೂತ್ರಕೋಶ.
ಕೆರೆ ಹೋಯ್ತು.
ಆದ್ರೆ ಕಾಲುವೆ ನೀರು ನಿಲ್ಲಲ್ಲ.
ಹೊಸ ದಾರಿ ಬೇಕು.
ಆ ದಾರಿ ಕಟ್ಟೋದು
ನಮ್ಮದೇ ಸಣ್ಣ ಕರುಳಿನಿಂದ!

ಮೊದಲ ದಾರಿ.
ಸುಮಾರು 15 ಸೆಂಟಿಮೀಟರ್ ಕರುಳಿನ ತುಂಡು.
ಅದಕ್ಕೆ ಎರಡೂ ನಾಳ ಜೋಡಿಸ್ತಾರೆ.
ಇನ್ನೊಂದು ತುದಿ ಹೊಟ್ಟೆಯ ಮೇಲೆ ತೆರೆಯುತ್ತೆ.
ಮೂತ್ರ ಹೊರಗಿನ ಚೀಲಕ್ಕೆ ಇಳಿಯುತ್ತೆ.

ಎರಡನೇ ದಾರಿ.
ಇನ್ನೂ ಉದ್ದದ ಕರುಳು.
ಸೀಳಿ, ಚೆಂಡಿನ ಹಾಗೆ ಹೊಲೀತಾರೆ.
ಹಳೇ ಜಾಗದಲ್ಲೇ ಹೊಸ ಕೆರೆ!
ಚೀಲ ಬೇಡ.
ಆದ್ರೆ ತುಂಬಿದೆ ಅನ್ನೋ ಹಳೇ ಸೂಚನೆ ಬರಲ್ಲ.
ಗಡಿಯಾರ ನೋಡಿ ಹೋಗಬೇಕು.
ರಾತ್ರಿ ಅಲಾರಂ ಇಟ್ಟು ಏಳಬೇಕು.
ಇದು ಎಲ್ಲರಿಗೂ ಹೊಂದಲ್ಲ.
ಡಾಕ್ಟರ್ ಜೊತೆ ಕೂತು ಮಾತಾಡಿ.

ಚೀಲ ಬಂತು ಅಂತ ಬದುಕು ನಿಲ್ಲಲ್ಲ.
ಬಟ್ಟೆಯೊಳಗೆ ಅದು ಕಾಣಲ್ಲ.
ಕೆಲಸ, ಪ್ರಯಾಣ, ಮದುವೆಮನೆ,
ಎಲ್ಲಾ ಸಾಧ್ಯ.
ನಾಚಿಕೆ ಬೇಡ.

ಇದೊಂದು ಮರೀಬೇಡಿ.
ಮೂತ್ರದಲ್ಲಿ ರಕ್ತ ಕಂಡ್ರೆ,
ಒಂದೇ ಸಲ ಬಂದಿದ್ರೂ,
ನೋವೇ ಇಲ್ಲದಿದ್ರೂ,
ಕೂಡಲೇ ತೋರಿಸಿ.
ಬೀಡಿ, ಸಿಗರೇಟು ಬಿಡಿ.
ಈ ಕ್ಯಾನ್ಸರ್‌ಗೆ ಅತಿ ದೊಡ್ಡ ಕಾರಣ ಅದೇ.

ಬೇಗ ಸಿಕ್ಕಿದ್ರೆ,
ಕೆರೆ ಉಳಿಯಬಹುದು.