ಒರೆಸಿದರೂ ಹೋಗದ ಮಬ್ಬು

ಡಿಸೆಂಬರಿನ ಬೆಳಗ್ಗೆ ಬೇಲೂರಿನಿಂದ ಹಾಸನದ ಕಡೆಗೆ ಕಾರು ತೆಗೆದವರಿಗೆ ಸೂರ್ಯ ನೇರ ಎದುರಿಗೇ ಸಿಗುತ್ತಾನೆ. ಹಾಸನ ಇರುವುದು ಬೇಲೂರಿನ ಆಗ್ನೇಯಕ್ಕೆ; ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ. ಮನೆ ಮುಂದೆ ನೆರಳಲ್ಲಿ ನಿಂತಿದ್ದಾಗ ಶುದ್ಧವಾಗಿ ಕಂಡಿದ್ದ ಮುಂದಿನ ಗ್ಲಾಸು, ಊರು ದಾಟಿ ಬಿಸಿಲಿಗೆ ಮುಖ ಕೊಟ್ಟ ಕೂಡಲೇ ಬೆಳ್ಳಗೆ ಮಬ್ಬಾಗಿಬಿಡುತ್ತದೆ. ನೀರು ಚಿಮ್ಮಿಸಿ ವೈಪರ್ ಆಡಿಸಿದರೂ ಕದಲುವುದಿಲ್ಲ, ಯಾಕೆಂದರೆ ಅದು ಕೂತಿರುವುದು ಒಳಮೈಗೆ. ಬೆರಳಿಂದ ಒಂದು ಗೆರೆ ಎಳೆದು ನೋಡಿ. ಗೆರೆ ಎಳೆದಲ್ಲಿ ಗಾಜು ತಿಳಿಯಾಗುವ ಬದಲು ಇನ್ನೊಂದಿಷ್ಟು ಹೊಳೆಯುತ್ತದೆ, ಬೆರಳ ತುದಿಗೆ ಸಣ್ಣ ಜಿಡ್ಡು ಹತ್ತಿರುತ್ತದೆ.

ಚೆನ್ನಕೇಶವ ದೇವಸ್ಥಾನದ ಹತ್ತಿರ ಪ್ರವಾಸಿಗರನ್ನು ಇಳಿಸಿ ಕಾಯುವ ಬಾಡಿಗೆ ಕಾರಿನ ಡ್ರೈವರುಗಳನ್ನು ಕೇಳಿದರೆ ಈ ಜಿಡ್ಡಿಗೆ ಬೇಕಾದಷ್ಟು ಕಾರಣ ಸಿಗುತ್ತವೆ: ಎಸಿ ಗ್ಯಾಸು, ಪ್ಯಾಸೆಂಜರುಗಳ ಉಸಿರು, ರಸ್ತೆಯ ಧೂಳು, ಮುಂದೆ ಹೋಗುವ ಲಾರಿಯ ಹೊಗೆ. ಎಸಿ ಗ್ಯಾಸೊಂದನ್ನು ಬಿಟ್ಟರೆ ಉಳಿದವಕ್ಕೆಲ್ಲ ಅಷ್ಟಿಷ್ಟು ಪಾಲಿದೆ. ಆದರೆ ಷೋರೂಮಿನಿಂದ ಆಗಷ್ಟೇ ತಂದು, ಗ್ಲಾಸು ಏರಿಸಿ, ಯಾರನ್ನೂ ಕೂರಿಸದೆ ಬಿಸಿಲಲ್ಲಿ ನಿಲ್ಲಿಸಿದ ಹೊಸ ಕಾರಿಗೂ ಕೆಲವೇ ದಿನಗಳಲ್ಲಿ ಇದೇ ಮಬ್ಬು ಹತ್ತುತ್ತದೆ. ಹಳೆಯ ಕಾರಿಗಿಂತ ಹೆಚ್ಚಾಗಿಯೇ ಹತ್ತುತ್ತದೆ. ಹಾಗಾಗಿ ಮುಖ್ಯ ಆರೋಪಿಯನ್ನು ಹೊರಗೆಲ್ಲೂ ಹುಡುಕಬೇಕಾಗಿಲ್ಲ. ಗಾಜಿನ ಕೆಳಗೇ ಉದ್ದಕ್ಕೆ ಮಲಗಿರುವ ಡ್ಯಾಶ್‌ಬೋರ್ಡೇ ಅದು.

ಬಹಳಷ್ಟು ಕಾರುಗಳ ಡ್ಯಾಶ್‌ಬೋರ್ಡಿನ ಮೇಲ್ಪದರ, ಬಾಗಿಲಿನ ಒಳಹೊದಿಕೆ, ರೆಕ್ಸಿನ್ ಸೀಟು ಇವೆಲ್ಲ ಪಿವಿಸಿಯವು. ಏನೂ ಬೆರೆಸದ ಪಿವಿಸಿ ಗಟ್ಟಿ ಪದಾರ್ಥ. ಮನೆಯ ನೀರಿನ ಪೈಪು ಅದರಿಂದ ಆದದ್ದು. ಅದನ್ನು ಚರ್ಮದ ಹಾಗೆ ಬಳುಕುವಂತೆ ಮಾಡುವ ದಾರಿ ಸಿಕ್ಕಿದ್ದು 1926ರಲ್ಲಿ. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೋ ಸೆಮನ್ ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತಿದ್ದವರು, ಪಿವಿಸಿಯನ್ನು ಹೆಚ್ಚು ಉಷ್ಣತೆಯಲ್ಲಿ ಕುದಿಯುವ ದ್ರವದಲ್ಲಿ ಹಾಕಿ ಕಾಯಿಸಿದರು. ಗೋಂದು ಬರಲಿಲ್ಲ, ಎಳೆದರೆ ಹಿಗ್ಗುವ ಮೆತ್ತನೆಯ ವಸ್ತು ಬಂತು. ಅಂಥ ದ್ರವಕ್ಕೆ ಪ್ಲಾಸ್ಟಿಸೈಸರ್ ಎನ್ನುತ್ತಾರೆ. ಥ್ಯಾಲೇಟ್ ಎಂಬ ಎಣ್ಣೆಯಂಥ ರಾಸಾಯನಿಕಗಳ ಕುಟುಂಬ ಈ ಕೆಲಸದಲ್ಲಿ ಬಹುಕಾಲ ಮುಂದಿತ್ತು. ಮೆತ್ತನೆಯ ಪಿವಿಸಿಯ ತೂಕದಲ್ಲಿ ನಾಲ್ಕನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಈ ಎಣ್ಣೆಯೇ ಇರುತ್ತದೆ.

ಈ ಎಣ್ಣೆ ಪಿವಿಸಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಪಿವಿಸಿಯ ಉದ್ದುದ್ದ ಅಣುಸರಪಳಿಗಳ ನಡುವೆ ನುಸುಳಿ, ಅವು ಒಂದರ ಮೇಲೊಂದು ಜಾರುವಂತೆ ಮಾಡಿಕೊಂಡು ಇರುತ್ತದೆ, ಅಷ್ಟೇ. ಕಟ್ಟಿಹಾಕದ ಮೇಲೆ ಅವಕಾಶ ಸಿಕ್ಕಾಗ ಹೊರಡುತ್ತದೆ. ಹತ್ತು ಹದಿನೈದು ವರ್ಷ ಬಿಸಿಲುಂಡ ಕಾರಿನ ಡ್ಯಾಶ್‌ಬೋರ್ಡ್ ಬಿರುಕು ಬಿಡುವುದಕ್ಕೆ ಈ ಎಣ್ಣೆ ಖಾಲಿಯಾಗುವುದೂ ಒಂದು ಕಾರಣ. ಹೊಸ ಕಾರಿನ ವಾಸನೆ ಎಂದು ಮೂಗರಳಿಸುತ್ತೇವಲ್ಲ, ಅದರಲ್ಲಿ ಇಂಥದೇ ವಲಸೆಗಾರರು ಹಲವರಿದ್ದಾರೆ: ಸೀಟಿನ ಫೋಮು, ಗೋಂದು, ಬಣ್ಣ ಬಿಡುವ ಆವಿಗಳು.

ಡಿಇಎಚ್‌ಪಿ ಎಂಬ ಹಳೆಯ ಥ್ಯಾಲೇಟ್ ಕುದಿಯಬೇಕಾದರೆ 385 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಬೇಕು. ಕಾರು ಅಷ್ಟು ಕಾಯುತ್ತದೆಯೇ ಎಂದು ಕೇಳಬಹುದು. ತಂತಿಯ ಮೇಲಿನ ಒದ್ದೆ ಪಂಚೆ ಒಣಗಲು ನೀರು ಕುದಿಯಬೇಕಾಗಿಲ್ಲ ತಾನೇ? ಆವಿಯಾಗಲು ಬೆಚ್ಚಗಿದ್ದರೆ ಸಾಕು, ಕಾಲ ಹೆಚ್ಚು ಹಿಡಿಯುತ್ತದೆ. ಬೆಚ್ಚಗೆ ಎಂದರೆ ಎಷ್ಟು ಎಂಬುದಕ್ಕೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂಕಿಗಳಿವೆ. ಅಮೆರಿಕದ ಅರಿಜೋನಾದ ಟೆಂಪಿ ನಗರದಲ್ಲಿ ಹೊರಗಿನ ಉಷ್ಣತೆ 38 ಡಿಗ್ರಿ ದಾಟಿದ ದಿನಗಳಲ್ಲಿ ಕಾರುಗಳನ್ನು ನಿಲ್ಲಿಸಿ ಅಳೆದರು. ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರಿನ ಒಳಗಾಳಿ ಸರಾಸರಿ 47 ಡಿಗ್ರಿಗೂ ಡ್ಯಾಶ್‌ಬೋರ್ಡ್ 69 ಡಿಗ್ರಿಗೂ ಏರಿತ್ತು. ನೆರಳಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡ್ 48ರ ಆಸುಪಾಸಿನಲ್ಲಿತ್ತು. ಇಂಥ ಎಣ್ಣೆಗಳ ಆವಿಯೊತ್ತಡ ಪ್ರತಿ ಹತ್ತು ಡಿಗ್ರಿಗೆ ಸುಮಾರು ಮೂರು ಪಟ್ಟು ಏರುತ್ತದೆ. ಅಂದರೆ ನೆರಳಿಗೂ ಬಿಸಿಲಿಗೂ ಇರುವ ಆ ಇಪ್ಪತ್ತೊಂದು ಡಿಗ್ರಿಯ ಅಂತರದಲ್ಲಿ ಆವಿಯೊತ್ತಡ ಹತ್ತು ಪಟ್ಟಾಗುತ್ತದೆ. ಹಲಸಿನ ಮರದಡಿ ಕಾರು ನಿಲ್ಲಿಸಿದರೆ ಗ್ಲಾಸು ಒರೆಸುವ ಕೆಲಸವೂ ಕಡಿಮೆ ಎಂದಾಯಿತು. ಕಾಯಿ ಮೇಲೆ ಬಿದ್ದರೆ ಅದು ಬೇರೆ ಲೆಕ್ಕ.

ಬೇಲೂರು ಅರಿಜೋನಾ ಅಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು, ಬೇಸಿಗೆಯೂ ಸೌಮ್ಯ. ಆದರೆ ಮಬ್ಬಿನ ವಿಷಯದಲ್ಲಿ ಈ ಎತ್ತರ ಇನ್ನೊಂದು ರೀತಿಯಲ್ಲಿ ಕೆಲಸ ಮಾಡುತ್ತದೆ. ಹಗಲು ಬಿಸಿಲು ಚುರುಕು, ರಾತ್ರಿ ಥಂಡಿ. ಮಧ್ಯಾಹ್ನ ಡ್ಯಾಶ್‌ಬೋರ್ಡಿನಿಂದ ಹೊರಟ ಆವಿ ಮುಚ್ಚಿದ ಕಾರಿನೊಳಗೆ ತುಂಬಿಕೊಂಡಿರುತ್ತದೆ. ಸಂಜೆಯಾಗುತ್ತಲೇ ಹೊರಗಾಳಿಗೆ ಒಡ್ಡಿಕೊಂಡ ತೆಳು ಗಾಜು ಎಲ್ಲಕ್ಕಿಂತ ಮೊದಲು ತಣ್ಣಗಾಗುತ್ತದೆ, ಆವಿ ಅಲ್ಲೇ ಹನಿಗಟ್ಟುತ್ತದೆ. ಮುಂದಿನ ಗ್ಲಾಸಿಗೇ ಹೆಚ್ಚು ಹತ್ತುವುದೇಕೆಂದರೆ ಅದು ಡ್ಯಾಶ್‌ಬೋರ್ಡಿನ ಮೇಲೆ ಚಾವಣಿಯಂತೆ ವಾಲಿಕೊಂಡಿದೆ. ಬಿಸಿಗಾಳಿ ಮೇಲೇರಿದರೆ ಮೊದಲು ತಗಲುವುದು ಅದಕ್ಕೇ.

ಕಾರು ತಯಾರಕರಿಗೆ ಇದು ಹೊಸ ಸಮಾಚಾರವೇನಲ್ಲ. ಕಾರಿನ ಒಳಗೆ ಬಳಸುವ ರೆಕ್ಸಿನ್, ಫೋಮು, ಬಟ್ಟೆಗಳು ಎಷ್ಟು ಮಬ್ಬು ಹಿಡಿಸುತ್ತವೆ ಎಂದು ಅಳೆಯಲೆಂದೇ ಪರೀಕ್ಷೆ ಇದೆ. ಜರ್ಮನಿಯ ಡಿಐಎನ್ 75201 ಮಾನದಂಡ ಅದರಲ್ಲಿ ಹೆಸರಾದದ್ದು. ಗಾಜಿನ ಬೀಕರಿನ ತಳದಲ್ಲಿ ಮಾದರಿಯ ತುಂಡಿಟ್ಟು 100 ಡಿಗ್ರಿಗೆ ಕಾಯಿಸುತ್ತಾರೆ, ಬಾಯಿಗೆ 21 ಡಿಗ್ರಿಯಲ್ಲಿ ತಂಪಾಗಿಟ್ಟ ಗಾಜಿನ ಹಲಗೆ ಮುಚ್ಚುತ್ತಾರೆ. ಮೂರು ಗಂಟೆಯ ಮೇಲೆ ಆ ಗಾಜು ಎಷ್ಟು ಹೊಳಪು ಕಳೆದುಕೊಂಡಿತೆಂದು ನೋಡುತ್ತಾರೆ. ಇನ್ನೊಂದು ವಿಧಾನದಲ್ಲಿ ಗಾಜಿನ ಬದಲು ಅಲ್ಯೂಮಿನಿಯಂ ಹಾಳೆ ಇಟ್ಟು, ಹದಿನಾರು ಗಂಟೆಯಲ್ಲಿ ಅದರ ಮೇಲೆ ಕೂತ ಜಿಡ್ಡನ್ನು ತೂಗುತ್ತಾರೆ. ಇಂಥ ಪರೀಕ್ಷೆಗಳ ಒತ್ತಡದಿಂದ ಸುಲಭವಾಗಿ ಆವಿಯಾಗದ, ದೊಡ್ಡ ಅಣುಗಳ ಪ್ಲಾಸ್ಟಿಸೈಸರುಗಳು ಬಂದವು. ಪ್ಲಾಸ್ಟಿಸೈಸರೇ ಬೇಡದ ಬೇರೆ ಪ್ಲಾಸ್ಟಿಕ್ಕುಗಳೂ ಡ್ಯಾಶ್‌ಬೋರ್ಡಿಗೆ ಬಂದವು. ಈಗಿನ ಕಾರುಗಳಲ್ಲಿ ಮಬ್ಬು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಕಾರು ಬಿಟ್ಟ ಎಣ್ಣೆಯ ಜೊತೆಗೆ ನಾವು ಸೇರಿಸುವುದೂ ಉಂಟು. ಬಾಡಿಗೆ ಕಾರುಗಳಲ್ಲಿ ಬೆಳಗಿನ ಮೊದಲ ಕೆಲಸ ಡ್ಯಾಶ್‌ಬೋರ್ಡಿನ ಮೇಲಿನ ದೇವರಿಗೆ ಊದುಬತ್ತಿ. ಅದರ ಹೊಗೆಯ ಟಾರು ಗಾಜಿಗೆ ಹತ್ತುತ್ತದೆ. ಊದುಬತ್ತಿಯ ಸುಗಂಧವನ್ನು ತೆಳುಮಾಡಲು ಬಳಸುವ ಡೈಈಥೈಲ್ ಥ್ಯಾಲೇಟ್ ಕೂಡ ಅದೇ ಥ್ಯಾಲೇಟ್ ಕುಟುಂಬದ್ದು. ಕರ್ಪೂರ ಹಚ್ಚಿದರೆ ಮಸಿ. ಇನ್ನು ಕೈಜಿಡ್ಡು. ನಿಜ ಹೇಳಬೇಕೆಂದರೆ ಅಂಗೈಯಲ್ಲಿ ಎಣ್ಣೆ ಸುರಿಸುವ ಗ್ರಂಥಿಗಳೇ ಇಲ್ಲ. ಅಲ್ಲಿರುವುದು ಬೆವರಿನ ಗ್ರಂಥಿ ಮಾತ್ರ. ಎಣ್ಣೆಯೆಲ್ಲ ಮುಖದಿಂದ, ತಲೆಗೂದಲಿನಿಂದ ಬಂದದ್ದು, ನಮ್ಮಲ್ಲಿ ಕೊಬ್ಬರಿ ಎಣ್ಣೆಯ ಪಾಲೂ ಧಾರಾಳ.

ಇಷ್ಟಾಗಿಯೂ ಗಾಜಿನ ಮೇಲೆ ಕೂತ ಒಟ್ಟು ಎಣ್ಣೆ ತೀರಾ ಅಲ್ಪ. ಅಷ್ಟರಿಂದ ಕಣ್ಣು ಕುಕ್ಕುವುದೇಕೆ? ನಮ್ಮ ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇಕಡಾ 70, ಪಕ್ಕದ ಗಾಜು ಶೇಕಡಾ 50ರಷ್ಟು ಬೆಳಕು ಬಿಡಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕಪ್ಪು ಫಿಲ್ಮ್‌ಗಳ ಮೇಲೆ ತೀರ್ಪು ಕೊಟ್ಟಾಗಿನಿಂದ ಈ ಅಂಕಿಗಳು ಎಲ್ಲರಿಗೂ ಪರಿಚಿತ. ಜಿಡ್ಡು ಹತ್ತಿದ ಗಾಜನ್ನು ಬೆಳಕು ಅಳೆಯುವ ಮೀಟರಿಗೆ ಹಿಡಿದರೆ ಬಹುಶಃ ಸಲೀಸಾಗಿ ಪಾಸಾಗುತ್ತದೆ. ಅದು ಬೆಳಕನ್ನು ತಡೆಯುವುದಿಲ್ಲ, ದಿಕ್ಕು ತಪ್ಪಿಸುತ್ತದೆ. ಮಬ್ಬು ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿರುವ ಅಸಂಖ್ಯ ಹನಿಗಳು. ಆ ಗಾತ್ರದ ಹನಿ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಎಸೆಯುವುದಕ್ಕಿಂತ ಮುಂದಕ್ಕೇ, ತುಸು ಓರೆಯಾಗಿ, ಚೆಲ್ಲುತ್ತದೆ. ಎದುರಿನ ಲಾರಿಯ ಹೆಡ್‌ಲೈಟಿನಿಂದ ಒಂದೇ ಜಾಗಕ್ಕೆ ಬರಬೇಕಿದ್ದ ಬೆಳಕು ಗಾಜಿನ ತುಂಬ ಹರಡಿಕೊಂಡು ಕಣ್ಣಿಗೆ ಬರುತ್ತದೆ. ರಸ್ತೆಯಂಚಿನಲ್ಲಿ ಕಪ್ಪು ಕಂಬಳಿ ಹೊದ್ದು ನಡೆಯುವವರಿಂದ ಬರುವ ಮಂದ ಬೆಳಕು ಆ ಬಿಳಿ ಪರದೆಯಲ್ಲಿ ಮುಳುಗಿಹೋಗುತ್ತದೆ. ಹಗಲಿನಲ್ಲಿ ಸೂರ್ಯ ಬೆನ್ನಿಗಿದ್ದರೆ ಈ ತೊಂದರೆ ಕಾಣುವುದೇ ಇಲ್ಲ. ಎಷ್ಟೋ ಜನ ಗ್ಲಾಸಿನ ಒಳಮೈ ಒರೆಸದೆ ವರ್ಷಗಟ್ಟಲೆ ಓಡಿಸುವುದು ಅದಕ್ಕೇ.

ಓಡಿಸುತ್ತಲೇ ಒಣಬಟ್ಟೆಯಿಂದಲೋ ಅಂಗೈಯಿಂದಲೋ ಒರೆಸಿದರೆ ಸಂಗತಿ ಇನ್ನೂ ಕೆಡುತ್ತದೆ. ಎಣ್ಣೆ ಹೋಗುವುದಿಲ್ಲ, ಸಣ್ಣ ಸಣ್ಣ ಸಾಲುಗಳಾಗಿ ಎಳೆದುಕೊಳ್ಳುತ್ತದೆ. ಸಾಲುಗಳು ಬೆಳಕನ್ನು ತಮಗೆ ಅಡ್ಡಲಾಗಿ ಎಳೆಯುತ್ತವೆ: ಎಡಕ್ಕೂ ಬಲಕ್ಕೂ ಒರೆಸಿದ ಗಾಜಿನಲ್ಲಿ ಎದುರಿನ ದೀಪದಿಂದ ಮೇಲಕ್ಕೂ ಕೆಳಕ್ಕೂ ಉದ್ದನೆಯ ಬೆಳಕಿನ ಕೋಲು ಕಾಣುತ್ತದೆ. ರಾತ್ರಿ ಎದುರಿನವನು ಡಿಮ್ ಮಾಡಲಿಲ್ಲವೆಂದು ಬಯ್ಯುವ ಮೊದಲು ಆ ಕೋಲನ್ನು ನೋಡಿ. ಅದಿದ್ದರೆ ತಪ್ಪಿನಲ್ಲಿ ನಮ್ಮದೂ ಪಾಲಿದೆ.

ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ನೀರಿನ ಮಂಜೂ ಕೂಡುತ್ತದೆ. ಶುದ್ಧ ಗಾಜಿಗೆ ನೀರೆಂದರೆ ಒಲವು. ಹನಿಗಟ್ಟಿದ ತೇವ ಅದರ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ, ಬೆಳಕು ಹೆಚ್ಚು ಚೆದುರುವುದಿಲ್ಲ. ಎಣ್ಣೆ ಹತ್ತಿದ ಗಾಜಿನಲ್ಲಿ ಅದೇ ತೇವ ಗುಂಡಗುಂಡಗೆ ನಿಲ್ಲುತ್ತದೆ. ಜುಲೈನಲ್ಲಿ ಒದ್ದೆ ಕೊಡೆ, ಒದ್ದೆ ಕಾಲೊರಸು ಹೊತ್ತು ಶಿರಾಡಿ ಘಾಟಿ ಇಳಿಯುವ ಕಾರಿಗೆ ಎರಡೂ ಒಟ್ಟಿಗೆ ಕಾಡುತ್ತವೆ. ಎಸಿ ಹಾಕಿ ಗಾಳಿಯನ್ನು ಗ್ಲಾಸಿನ ಕಡೆ ತಿರುಗಿಸಿ, ಹೊರಗಾಳಿ ಒಳಬರುವ ಗುಂಡಿ ತೆರೆದರೆ ನೀರು ಹೋಗುತ್ತದೆ. ಎಣ್ಣೆ ಮಾತ್ರ ಅಲ್ಲೇ ಇರುತ್ತದೆ, ಮುಂದಿನ ಮಂಜಿಗೆ ಕಾಯುತ್ತ.

ತೆಗೆಯುವುದು ಹೇಗೆ? ಬರೀ ನೀರಿಗೆ ಥ್ಯಾಲೇಟ್ ಕರಗುವುದಿಲ್ಲ. ವಿನೆಗರ್ ಹಾಕಿ ಎನ್ನುವ ಸಲಹೆ ಎಲ್ಲೆಲ್ಲೂ ಕೇಳಿಬರುತ್ತದೆ; ಅದು ಆಮ್ಲ, ಬೋರ್‌ವೆಲ್ಲಿನ ಗಡಸು ನೀರು ಹೊರಮೈಗೆ ಬಿಟ್ಟ ಸುಣ್ಣದ ಕಲೆಗೆ ಸರಿ, ಎಣ್ಣೆಯ ಜಿಡ್ಡಿಗೆ ಅಷ್ಟಕ್ಕಷ್ಟೆ. ಬೇಕಾದದ್ದು ಸೋಪು ಅಥವಾ ಆಲ್ಕೋಹಾಲು. ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದೆರಡು ಹನಿ ಒಂದು ಮಗ್ಗು ನೀರಿಗೆ ಸಾಕು. ಹೆಚ್ಚಾದರೆ ಸೋಪೇ ಹೊಸ ಪದರವಾಗಿ ಕೂರುತ್ತದೆ. ಅದರಿಂದ ಒರೆಸಿ, ಬರೀ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಕೊನೆಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒಂದು ಸುತ್ತು. ಕೋವಿಡ್ ಕಾಲದಿಂದ ಕಾರಿನಲ್ಲೇ ಉಳಿದ ಸ್ಯಾನಿಟೈಸರ್ ಬಾಟಲಿ ಇದಕ್ಕೆ ಆಗದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ ಶೇಕಡಾ 1.45ರಷ್ಟು ಗ್ಲಿಸರಿನ್ ಇದೆ, ಕೈ ಒಡೆಯದಿರಲೆಂದು. ಗಾಜಿನ ಮೇಲೆ ಅದೇ ಉಳಿಯುತ್ತದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಫಿಲ್ಮ್ ಅಂಟಿಸಿದ ಗಾಜಿಗೂ ಪ್ಲಾಸ್ಟಿಕ್ ಮೀಟರ್ ಕವರಿಗೂ ಒಳ್ಳೆಯದಲ್ಲ.

ಇವೆಲ್ಲ ನೆರಳಲ್ಲಿ, ಗಾಜು ತಣ್ಣಗಿರುವಾಗ ಮಾಡುವ ಕೆಲಸ. ಬಿಸಿ ಗಾಜಿನ ಮೇಲೆ ಆಲ್ಕೋಹಾಲು ಎಣ್ಣೆಯನ್ನು ಬಟ್ಟೆಗೆ ದಾಟಿಸುವ ಮೊದಲೇ ಹಾರಿಹೋಗುತ್ತದೆ. ದ್ರವವನ್ನು ಗಾಜಿಗೆ ಚಿಮ್ಮಿಸದೆ ಬಟ್ಟೆಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ಇಳಿದು ಡ್ಯಾಶ್‌ಬೋರ್ಡಿನ ಗಾಳಿಕಂಡಿಗೆ ಹೋಗುತ್ತದೆ. ಮೈಕ್ರೊಫೈಬರ್ ಬಟ್ಟೆ ಒಳ್ಳೆಯದು, ಆದರೆ ಅದನ್ನು ಬಟ್ಟೆ ಮೆತ್ತಗಾಗಿಸುವ ದ್ರವದಲ್ಲಿ ಒಗೆದಿರಬಾರದು. ಆ ದ್ರವವೂ ಜಿಡ್ಡೇ. ಗ್ಯಾರೇಜಿನ ಬನಿಯನ್ ವೇಸ್ಟ್ ಬೇಡವೇ ಬೇಡ. ಒಳಮೈಯನ್ನು ಅಡ್ಡಡ್ಡ, ಹೊರಮೈಯನ್ನು ಉದ್ದುದ್ದ ಒರೆಸಿದರೆ ಆಮೇಲೆ ಗೆರೆ ಕಂಡಾಗ ಅದು ಯಾವ ಬದಿಯದೆಂದು ತಕ್ಷಣ ಗೊತ್ತಾಗುತ್ತದೆ. ಗಾಜು ಡ್ಯಾಶ್‌ಬೋರ್ಡಿಗೆ ಸೇರುವ ಕೆಳಸಂದಿಯಲ್ಲಿ ಜಿಡ್ಡು ಹೆಚ್ಚು, ಕೈ ಹೋಗುವುದು ಕಷ್ಟ. ಪಕ್ಕದ ಸೀಟಿನಲ್ಲಿ ಕೂತು, ಬಟ್ಟೆಯನ್ನು ಬೆರಳುಗಳ ಹಿಂಬದಿಗೆ ಸುತ್ತಿ, ಅಂಗೈ ಮೇಲ್ಮುಖವಾಗಿಟ್ಟು ತೂರಿಸಿದರೆ ಸಂದಿಯ ತುದಿವರೆಗೂ ಮುಟ್ಟುತ್ತದೆ. ಹಿಂದಿನ ಗಾಜಿಗೆ ಡಿಫಾಗರ್ ತಂತಿಗಳಿದ್ದರೆ ಅವುಗಳ ಉದ್ದಕ್ಕೇ ಒರೆಸಬೇಕು.

ವಾಟರ್ ಸರ್ವಿಸ್‌ಗೆ ಬಿಟ್ಟ ಕಾರು ವಾಪಸು ಬರುವಾಗ ಡ್ಯಾಶ್‌ಬೋರ್ಡ್ ಫಳಫಳ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಆ ಪಾಲಿಷ್ ಬಹುಪಾಲು ಸಿಲಿಕೋನ್ ಎಣ್ಣೆ. ಒರೆಸುವ ಬಟ್ಟೆಯಿಂದ, ಸ್ಪ್ರೇಯ ತುಂತುರಿನಿಂದ ಗಾಜಿಗೂ ದಾಟುತ್ತದೆ, ಆಲ್ಕೋಹಾಲಿಗೆ ಸುಲಭವಾಗಿ ಕರಗುವುದೂ ಇಲ್ಲ. ಸೋಪುನೀರಿನಲ್ಲಿ ಮತ್ತೆ ಮತ್ತೆ ತಿಕ್ಕಬೇಕಾಗುತ್ತದೆ. ಸಾಲದ್ದಕ್ಕೆ ಹೊಳೆಯುವ ಡ್ಯಾಶ್‌ಬೋರ್ಡ್ ಗಾಜಿನಲ್ಲಿ ಪ್ರತಿಬಿಂಬಿಸಿ ಹಗಲಲ್ಲೂ ಕಣ್ಣಿಗೆ ಹೊಡೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದ ಮಂಕು ಡ್ಯಾಶ್‌ಬೋರ್ಡೇ ವಾಸಿ ಎಂಬುದು ನನ್ನ ಪಕ್ಷ.

ಥ್ಯಾಲೇಟುಗಳ ಆರೋಗ್ಯದ ಮಾತೂ ಒಂದಿಷ್ಟು ಇದೆ. ಡಿಇಎಚ್‌ಪಿಯಂಥ ಕೆಲವು ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರುತ್ತವೆ; ಯುರೋಪಿಯನ್ ಒಕ್ಕೂಟ 2005ರಲ್ಲಿ ಮಕ್ಕಳ ಆಟಿಕೆಗಳಲ್ಲಿ ಅವುಗಳನ್ನು ನಿರ್ಬಂಧಿಸಿತು. ಒಳಗೆ ತುಂಬಿದ ಆವಿ ಹೊರಹೋಗಲೆಂದು, ಬಿಸಿಲಲ್ಲಿ ನಿಂತ ಕಾರಿಗೆ ಹತ್ತುವ ಮೊದಲು ಎಲ್ಲ ಗ್ಲಾಸು ಇಳಿಸಿ ಒಂದೆರಡು ನಿಮಿಷ ಗಾಳಿಯಾಡಲು ಬಿಡುವುದಕ್ಕೆ ಖರ್ಚೇನೂ ಇಲ್ಲ.

ಹಳೆಯ ಕಾರಿನಲ್ಲಿ ಒರೆಸಿದ ಮರುದಿನವೇ ಮಬ್ಬು ಮರಳಿದರೆ ಮಾತ್ರ ಡ್ಯಾಶ್‌ಬೋರ್ಡನ್ನು ಬಿಟ್ಟು ಬೇರೆಡೆ ನೋಡಬೇಕು. ಗಾಜಿನ ಜಿಡ್ಡು ಅಂಟಂಟಾಗಿದ್ದು, ಬ್ಲೋವರ್ ಹಾಕಿದಾಗ ಸಿಹಿ ವಾಸನೆ ಬಂದು, ಬಾನೆಟ್ ಎತ್ತಿ ನೋಡಿದರೆ ಕೂಲೆಂಟ್ ಮಟ್ಟ ಇಳಿದಿದ್ದರೆ, ಡ್ಯಾಶ್‌ಬೋರ್ಡಿನ ಹಿಂದೆ ಇರುವ ಹೀಟರ್ ಕೋರ್ ಸೋರುತ್ತಿದೆ ಎಂದೇ ತಿಳಿಯಬಹುದು. ಗಾಜಿಗೆ ಹತ್ತಿರುವುದು ಆಗ ಎಥಿಲೀನ್ ಗ್ಲೈಕಾಲ್, ಹೊಟ್ಟೆಗೆ ಹೋದರೆ ವಿಷ. ಎಷ್ಟು ಒರೆಸಿದರೂ ಬಗೆಹರಿಯದು, ಇಂಜಿನ್ ಬಿಸಿಯೇರಿ ರಸ್ತೆಯಲ್ಲಿ ನಿಲ್ಲುವ ಮೊದಲು ಮೆಕ್ಯಾನಿಕ್ಕಿಗೆ ತೋರಿಸಬೇಕು. ಹೀಟರ್ ಕೋರ್ ಬದಲಿಸಲು ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಪೂರ್ತಿ ಬಿಚ್ಚಬೇಕಾಗುತ್ತದೆ, ಕೂಲಿಯ ಮಾತನ್ನು ಮೊದಲೇ ಆಡಿಕೊಳ್ಳಿ.