ಮನೆಯ ಲೆಕ್ಕ ತಪ್ಪುವುದು ನೆಲದಲ್ಲಿ

ಬೆಂಗಳೂರಿನಲ್ಲಿ ತಿಂಗಳಿಗೆ 25,000 ರೂಪಾಯಿ ದುಡಿಯುವ ಕುಟುಂಬವೊಂದಿದೆ ಎಂದಿಟ್ಟುಕೊಳ್ಳಿ. ಗಂಡ ಆಟೊ ಓಡಿಸುತ್ತಾನೆ, ಹೆಂಡತಿ ಮನೆಗೆಲಸಕ್ಕೆ ಹೋಗುತ್ತಾಳೆ. ವರ್ಷಕ್ಕೆ 3 ಲಕ್ಷ. ಪ್ರಧಾನಮಂತ್ರಿ ಆವಾಸ್ ಯೋಜನೆಯು ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಹಾಕಿರುವ ಆದಾಯ ಮಿತಿಯೂ ಇದೇ. ದುಡಿಮೆಯ ಮೂರನೇ ಒಂದು ಭಾಗವನ್ನು ಕಂತಿಗೆ ಎತ್ತಿಟ್ಟರೆ ಸುಮಾರು 8,300 ರೂಪಾಯಿ. ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಅದರಿಂದ ತೀರಿಸಬಹುದಾದ ಸಾಲ 9.2 ಲಕ್ಷ. ಕೇಂದ್ರದ ಒಂದೂವರೆ ಲಕ್ಷ ನೆರವು, ಕೂಡಿಟ್ಟ ಅಷ್ಟಿಷ್ಟು ಸೇರಿಸಿ 12 ಲಕ್ಷ ಅನ್ನೋಣ. ಮನೆ ಅಷ್ಟರೊಳಗೆ ಮುಗಿಯಬೇಕು.

30 ಚದರ ಮೀಟರ್ ಕಾರ್ಪೆಟ್ ಏರಿಯಾದ ಪುಟ್ಟ ಮನೆಗೆ ಗೋಡೆ, ಮೆಟ್ಟಿಲು ಎಲ್ಲ ಸೇರಿ 400 ಚದರಡಿ ಕಟ್ಟಬೇಕಾಗುತ್ತದೆ. ಚದರಡಿಗೆ 2,000 ರೂಪಾಯಿ ಹಿಡಿದರೂ 8 ಲಕ್ಷ. ನೆಲಕ್ಕೆ, ಮಂಜೂರಾತಿಗೆ, ಬಡ್ಡಿಗೆ ಉಳಿಯುವುದು 4 ಲಕ್ಷ ಮಾತ್ರ.

ಈಗ ನೆಲದ ಲೆಕ್ಕ ನೋಡಿ. ಊರ ಹೊರಗೆ 30×40 ಅಡಿಯ ಸೈಟಿಗೆ 60 ಲಕ್ಷ ಎಂದಿಟ್ಟುಕೊಳ್ಳೋಣ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬುದನ್ನು ಎಫ್‌ಎಆರ್ ನಿರ್ಧರಿಸುತ್ತದೆ. ಅದು 1.75 ಇದ್ದರೆ 2,100 ಚದರಡಿ ಏಳುತ್ತದೆ, ಅಂದರೆ ಐದು ಮನೆ. ಒಂದೊಂದರ ತಲೆಯ ಮೇಲೆ 12 ಲಕ್ಷದ ನೆಲ. ಎಫ್‌ಎಆರ್ ಅನ್ನು 3ಕ್ಕೆ ಏರಿಸಿದರೆ ಒಂಬತ್ತು ಮನೆ, ತಲಾ ಆರೂಮುಕ್ಕಾಲು ಲಕ್ಷದ ಹತ್ತಿರ. ಆಗಲೂ ಲೆಕ್ಕ ಕೂಡಿಬರುವುದಿಲ್ಲ. ಸಾಲದ್ದಕ್ಕೆ, ಎಫ್‌ಎಆರ್ ಏರಿದ ಸುದ್ದಿ ಹರಡಿದ ಮರುದಿನವೇ ಸೈಟಿನವರು ಬೆಲೆ ಏರಿಸುತ್ತಾರೆ. ಹಾಗಾಗಿ ಷರತ್ತಿಲ್ಲದೆ ಎಫ್‌ಎಆರ್ ಹೆಚ್ಚಿಸುವುದು ಬಡವರಿಗೆ ಮನೆ ಕೊಡುವ ದಾರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಮೆಂಟಿನ ಹೊಸ ತಂತ್ರಜ್ಞಾನದಿಂದಲೂ ಈ ಗಂಟು ಬಿಚ್ಚುವುದಿಲ್ಲ. ಬೆಲೆ ಏರುವ ಮೊದಲೇ ನಗರಾಡಳಿತದ ಕೈಗೆ ನೆಲ ಬರಬೇಕು.

ಅದಕ್ಕೆ ಅಹಮದಾಬಾದಿನಲ್ಲಿ ಪಳಗಿದ ದಾರಿಯೊಂದಿದೆ, ಟೌನ್ ಪ್ಲಾನಿಂಗ್ ಸ್ಕೀಮ್. ಊರಂಚಿನ ನೂರಾರು ಎಕರೆ ಹೊಲಗಳನ್ನು ಭೂಸ್ವಾಧೀನದ ಗೋಜಿಲ್ಲದೆ ಒಟ್ಟುಗೂಡಿಸುತ್ತಾರೆ. ಸೊಟ್ಟಪಟ್ಟ ಗಡಿಗಳನ್ನು ಅಳಿಸಿ, ರಸ್ತೆ, ಚರಂಡಿ, ಪಾರ್ಕಿಗೆ ಜಾಗ ಬಿಟ್ಟು, ಉಳಿದದ್ದನ್ನು ಚೊಕ್ಕ ನಿವೇಶನಗಳಾಗಿ ಮೂಲ ಮಾಲೀಕರಿಗೇ ಮರಳಿಸುತ್ತಾರೆ. ರೈತನ ಜಮೀನು ಕಿರಿದಾದರೂ ರಸ್ತೆ ಬಂದುದರಿಂದ ಬೆಲೆ ಹೆಚ್ಚುತ್ತದೆ. ಆ ಹೆಚ್ಚಳದಲ್ಲಿ ಒಂದು ಪಾಲನ್ನು ಅಭಿವೃದ್ಧಿ ವೆಚ್ಚಕ್ಕಾಗಿ ವಸೂಲು ಮಾಡುತ್ತಾರೆ. 76 ಕಿ.ಮೀ. ಉದ್ದದ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಬಹುಪಾಲು ಜಾಗ ದೊರೆತದ್ದು ಹೀಗೆಯೇ. ನಮಗೆ ಮುಖ್ಯವಾದ ಮಾತು ಗುಜರಾತಿನ 1976ರ ಕಾಯ್ದೆಯಲ್ಲಿದೆ: ಸ್ಕೀಮಿನ ಶೇ 10ರಷ್ಟು ಜಾಗವನ್ನು ಹಿಂದುಳಿದ, ಬಡ ವರ್ಗದವರ ವಸತಿಗೆ ಮೀಸಲಿಡಬಹುದು. ಹೊಸ ಬಡಾವಣೆ ಏಳುವಾಗಲೇ ಅದರ ನಡುವೆ ಬಡವರ ಮನೆಗೂ ಜಾಗ ಸಿಕ್ಕಿರುತ್ತದೆ.

ಕರ್ನಾಟಕದ 1961ರ ನಗರ ಯೋಜನಾ ಕಾಯ್ದೆಯಲ್ಲೂ ಇಂಥ ಸ್ಕೀಮುಗಳಿಗೆ ಒಂದು ಅಧ್ಯಾಯವೇ ಇದೆ. ಬೆಂಗಳೂರು ಮಾತ್ರ ಹೆಚ್ಚಾಗಿ ಭೂಸ್ವಾಧೀನವನ್ನೇ ನೆಚ್ಚಿಕೊಂಡಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಜಮೀನು ಕೊಟ್ಟವರಿಗೆ ಪರಿಹಾರವಾಗಿ ಅಭಿವೃದ್ಧಿಪಡಿಸಿದ ಜಾಗದ ಶೇ 40ರಷ್ಟು ನೀಡುವ ಕ್ರಮ ಬಂದದ್ದು ಒಳ್ಳೆಯ ಹೆಜ್ಜೆಯೇ. ಆದರೆ ಬಿಡಿಎ ಬಡಾವಣೆಯೆಂದರೆ ಇಂದಿಗೂ ಮುಖ್ಯವಾಗಿ ಸೈಟು ಹಂಚಿಕೆ. ಸೈಟು ಒಮ್ಮೆ ಖಾಸಗಿ ಕೈಗೆ ಹೋದ ಮೇಲೆ ಅದರ ಬೆಲೆಯ ಮೇಲೆ ನಗರಕ್ಕೆ ಹಿಡಿತವಿರುವುದಿಲ್ಲ.

ವಿಯೆನ್ನಾ ನಗರ ಇನ್ನೊಂದು ಬಾಗಿಲಲ್ಲಿ, ಭೂ ಬಳಕೆ ಬದಲಾಗುವ ಹಂತದಲ್ಲಿ, ಕಾವಲು ನಿಂತಿದೆ. ಭೂ ಬಳಕೆಯನ್ನು ವಸತಿಗೆ ಬದಲಾಯಿಸಿದಾಗ ಮಾಲೀಕನಿಗೆ ಬೆವರು ಸುರಿಸದೆ ಲಾಭ ಬರುತ್ತದೆ. 2018ರಲ್ಲಿ ಆ ನಗರ ಒಂದು ನಿಯಮ ತಂದಿತು: ಹೊಸದಾಗಿ ವಸತಿಗೆ ಪರಿವರ್ತನೆಯಾಗುವ ದೊಡ್ಡ ಜಾಗಗಳಲ್ಲಿ ಮೂರನೇ ಎರಡು ಭಾಗ ಸಹಾಯಧನದ ಮನೆಗಳಿಗೆ ಮೀಸಲು, ಅಂಥ ನೆಲದ ಬೆಲೆಗೂ ಮಿತಿ. ನಮ್ಮಲ್ಲಿ ಹೊಲ ಸೈಟಾಗುತ್ತ ಬಂದಿರುವುದು ಡಿಸಿ ಕನ್ವರ್ಷನ್, ಅಂದರೆ ಜಿಲ್ಲಾಧಿಕಾರಿ ಕೊಡುವ ಭೂ ಪರಿವರ್ತನೆ ಆದೇಶದ ಮೂಲಕ. ಆಗ ಶುಲ್ಕ ಕಟ್ಟಿಸಿಕೊಳ್ಳುವ ಸರ್ಕಾರ, ದೊಡ್ಡ ಯೋಜನೆಗಳಿಂದ ಬಡವರಿಗಾಗಿ ಇಂತಿಷ್ಟು ಮನೆಗಳನ್ನೂ ಕೇಳಬಹುದು. ಹೆಚ್ಚುವರಿ ಎಫ್‌ಎಆರ್ ಕೊಡುವುದಿದ್ದರೆ ಅದೂ ಇದೇ ಷರತ್ತಿನ ಮೇಲೆ ಇರಲಿ.

ನೆಲ ಸಿಕ್ಕ ಮೇಲೂ ತೊಡಕುಗಳಿವೆ. ಮಂಜೂರಾತಿ ತಡವಾದಷ್ಟೂ ಬಿಲ್ಡರನ ಬಡ್ಡಿ ಬೆಳೆದು ಕೊನೆಗೆ ಮನೆ ಕೊಳ್ಳುವವರ ಮೇಲೆ ಬೀಳುತ್ತದೆ. ಸ್ಯಾಲರಿ ಸ್ಲಿಪ್ ಇಲ್ಲದ ಆಟೊ ಚಾಲಕನಿಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಕಾಲೊನಿಯನ್ನು ಊರಾಚೆ ಕಟ್ಟಿದರೆ ಮನೆಗೆಲಸದವಳ ದುಡಿಮೆ ಬಸ್ ಚಾರ್ಜಿಗೇ ಕರಗುತ್ತದೆ, ಎಷ್ಟೋ ಕುಟುಂಬಗಳು ಆ ಮನೆ ಬಾಡಿಗೆಗೆ ಕೊಟ್ಟು ಹಳೆಯ ಕೊಳೆಗೇರಿಗೇ ವಾಪಸು ಬರುತ್ತವೆ. ತೆರಿಗೆ ವಿನಾಯಿತಿಯ ನೋಟವೂ ಬೇರೆಡೆಗಿದೆ. ಶೇ 1ರ ಜಿಎಸ್‌ಟಿಗಾಗಿ ಕೈಗೆಟುಕುವ ಮನೆ ಎನಿಸಿಕೊಳ್ಳಲು ಬೆಲೆ 45 ಲಕ್ಷದವರೆಗೂ ಇರಬಹುದು. ನಾವು ಲೆಕ್ಕ ಹಾಕಿದ ಕುಟುಂಬಕ್ಕೆ ಅದು ಹದಿನೈದು ವರ್ಷಗಳ ಪೂರ್ತಿ ದುಡಿಮೆ.

ನಿಮ್ಮ ನಗರದ ಕರಡು ಮಹಾಯೋಜನೆ ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಸಲ್ಲಿಸಲು ಸಾರ್ವಜನಿಕರಿಗೆ ಕಾಲಾವಕಾಶ ಇರುತ್ತದೆ. ನಕ್ಷೆಯಲ್ಲಿ ನಿಮ್ಮ ರಸ್ತೆ ಎಷ್ಟು ಅಗಲವಾಗುತ್ತದೆ ಎಂದು ನೋಡಿದ ಮೇಲೆ, 25,000 ರೂಪಾಯಿ ದುಡಿಯುವವರಿಗೆ ಎಲ್ಲಿ, ಎಷ್ಟು ಜಾಗ ಗುರುತಿಸಿದ್ದೀರಿ ಎಂದೂ ಬರೆದು ಕೇಳಿ.